ಕಡಲಿಲ್ಲದ ಊರಿನ ಹಡಗಿನ ಕಥೆ

ಬೆಳಗಾವಿಗೆ ಕಡಲಿಲ್ಲ. ಕೋಟೆಯ ಕಂದಕದಲ್ಲಿ ಒಂದಿಷ್ಟು ನೀರುಂಟು. ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ಹಳ್ಳಗಳುಂಟು. ಖಾನಾಪುರದ ಬಳಿ ಸಾಗುವ ಮಲಪ್ರಭೆಯುಂಟು. ಆ ಮಲಪ್ರಭೆಯಾದರೂ ಕಣಕುಂಬಿಯ ಕಾಡಿನಲ್ಲಿ ಹುಟ್ಟಿ, ಕೂಗಳತೆಯಲ್ಲಿದೆಯೆನ್ನಬಹುದಾದ ಪಡುಗಡಲಿಗೆ ಬೆನ್ನು ತಿರುಗಿಸಿ, ಮೂಡಣಕ್ಕೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯ ಕೈಹಿಡಿದು ಬಂಗಾಳ ಕೊಲ್ಲಿಯ ದೂರದ ದಾರಿಯನ್ನೇ ಆರಿಸಿಕೊಂಡಿತು. ಇಂಥ ಸೀಮೆಯವನು ಹಡಗಿನ ಕೋಣೆ, ಹಡಗಿನ ಊಟ, ಹಡಗಿನ ವಿನೋದ ಎಂದು ಮಾತಿಗೆ ತೊಡಗಿದರೆ ಕೇಳುಗರಿಗೆ ನಗು ಬಂದೀತು. ಆದರೆ ಕಡಲು ಊರಿಗೆ ಬರದಿದ್ದರೂ ಊರು ಕಡಲಿಗೆ ಹೋಗಬಹುದಷ್ಟೆ. ಬೆಳಗಾವಿ ಮತ್ತು ಖಾನಾಪುರಗಳು ಶತಮಾನಗಳ ಕಾಲ ಕಡಲಿಗೆ ಹೋಗಿವೆ. ಆ ದಾರಿಯಲ್ಲಿ ಯಾರು ಯಾರು ಹೋದರು, ಹೋದವರಿಗೆ ಹಡಗಿನಲ್ಲಿ ಯಾವ ಜಾಗ ಸಿಕ್ಕಿತು ಎಂಬುದನ್ನು ಈ ಹೊತ್ತು ನೆನೆಯಬೇಕೆಂದಿದ್ದೇನೆ.

ಮೊದಲ ನೆನಪು ಹಲಸಿಯದು. ಖಾನಾಪುರ ತಾಲೂಕಿನ ಈ ಹಳ್ಳಿ ಆದಿಕದಂಬರ ಕಾಲದಲ್ಲಿ ಪಲಾಶಿಕೆಯೆಂಬ ರಾಜಧಾನಿಯಾಗಿತ್ತು. ಮುಂದೆ 12ನೆಯ ಶತಮಾನದಲ್ಲಿ ಗೋವೆಯ ಕದಂಬರ ಕಾಲಕ್ಕೆ ಮತ್ತೊಮ್ಮೆ ವೈಭವ ಕಂಡಿತು. ಇಂದು ಹಲಸಿಗೆ ಹೋದವರು ಭೂವರಾಹ ನರಸಿಂಹ ದೇವಾಲಯವನ್ನು ನೋಡಿ ಕೈಮುಗಿದು ಬರುತ್ತಾರೆ. ಆ ದೇವಾಲಯದೊಡನೆ ನಂಟುಳ್ಳ ಅರಸರು ಕಡಲಿನ ಅರಸರೂ ಆಗಿದ್ದರೆಂಬುದು ಅಲ್ಲಿ ನಿಂತಾಗ ಹೊಳೆಯುವುದಿಲ್ಲ. ಅದೇ ಮನೆತನದ ಗೂಹಲ್ಲದೇವನೆಂಬ ಅರಸು ಸೋಮನಾಥನ ಯಾತ್ರೆಗೆಂದು ಹಡಗು ಹತ್ತಿದ. ನಡುದಾರಿಯಲ್ಲಿ ಕೂವೆಮರ ಮುರಿಯಿತು. ಗೋವೆಯಲ್ಲಿ ಆಶ್ರಯ ಪಡೆಯಬೇಕಾಗಿ ಬಂದಾಗ ನೆರವಿಗೆ ಬಂದವನು ಅರಬ ಮೂಲದ ಒಬ್ಬ ಶ್ರೀಮಂತ ಮುಸ್ಲಿಂ ವರ್ತಕ. ಆ ಉಪಕಾರವನ್ನು ಮನೆತನ ಮರೆಯಲಿಲ್ಲ. ಒಂದನೆಯ ಜಯಕೇಶಿಯ ಕಾಲದಲ್ಲಿ, 1053ರ ಸುಮಾರಿಗೆ, ಆ ವರ್ತಕನ ಮೊಮ್ಮಗನಿಗೆ ಒಂದು ಧರ್ಮಕಾರ್ಯವನ್ನು ನಡೆಸಲು ಬಂದರಿನ ಹಡಗುಗಳಿಂದ ಸುಂಕವೆತ್ತುವ ಅಧಿಕಾರವನ್ನು ತಾಮ್ರಪಟದ ಮೂಲಕ ಕೊಟ್ಟರು. ಅರಸನ ಹಡಗಿನಲ್ಲಿ ಎಂಥ ಊಟವಿತ್ತು, ಎಂಥ ಹಾಡುಗಾರಿಕೆಯಿತ್ತು ಎಂದು ಪಟ ಹೇಳುವುದಿಲ್ಲ. ಕಡಲಿನ ಮೇಲೆ ಅರಸನೂ ಪರರ ಕೈಹಿಡಿಯಬೇಕಾಗುತ್ತದೆ ಎಂಬಷ್ಟನ್ನು ಹೇಳುತ್ತದೆ. ಹಡಗಿನ ಚರಿತ್ರೆಗೆ ಇದಕ್ಕಿಂತ ಒಳ್ಳೆಯ ನಾಂದಿ ನನಗೆ ತೋಚದು.

ಅಲ್ಲಿಂದ ಕೆಲವು ಶತಮಾನಗಳನ್ನು ದಾಟಿ ಬ್ರಿಟಿಷರ ಕಾಲಕ್ಕೆ ಬರೋಣ. 1818ರಲ್ಲಿ ಬೆಳಗಾವಿಯ ಕೋಟೆ ಅವರ ಕೈಸೇರಿತು. ಊರಿನ ಪಕ್ಕದಲ್ಲಿ ದಂಡು ಬೀಡುಬಿಟ್ಟಿತು. ದಂಡಿಗೆ ಬೇಕಾದ ಸಿಪಾಯಿ, ಸಾಮಾನು, ಟಪಾಲು ಎಲ್ಲ ಮುಂಬಯಿಯಿಂದ ಬರಬೇಕು. ರೈಲು ಇನ್ನೂ ಹುಟ್ಟಿರಲಿಲ್ಲ. ಆಗ ಬೆಳಗಾವಿಯ ಬಾಗಿಲಾದದ್ದು ವೆಂಗುರ್ಲೆ. ನಕಾಶೆಯನ್ನು ಬಿಡಿಸಿ ನೋಡಿದರೆ ಬೆಳಗಾವಿಯೂ ವೆಂಗುರ್ಲೆಯೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ. ನಡುವೆ ಹಕ್ಕಿ ಹಾರುವ ದಾರಿ ನೂರು ಕಿಲೋಮೀಟರಿನೊಳಗೆ. 17ನೆಯ ಶತಮಾನದಲ್ಲಿ ಡಚ್ಚರ ಕೋಠಿಯಿದ್ದ ಈ ಬಂದರನ್ನು 1812ರಲ್ಲಿ ಇಂಗ್ಲಿಷರು ಸಾವಂತವಾಡಿಯವರಿಂದ ಪಡೆದರು. ಮುಂಬಯಿಯ ಹಡಗು ವೆಂಗುರ್ಲೆಯ ಹೊರಗೆ ಲಂಗರು ಹಾಕುವುದು. ಪ್ರಯಾಣಿಕರು ಪಡಾವುಗಳಲ್ಲಿ ದಂಡೆಗೆ ಇಳಿಯುವುದು. ಅಲ್ಲಿಂದ ಘಟ್ಟ ಹತ್ತಿ ಬೆಳಗಾವಿ ಸೇರುವುದು. ಮೇಲಿನಿಂದ ಎತ್ತಿನ ಗಾಡಿಗಳಲ್ಲಿ ಹತ್ತಿ ಇಳಿಯಿತು. ಕೆಳಗಿನಿಂದ ಉಪ್ಪು, ತೆಂಗು, ಬಟ್ಟೆ ಏರಿದವು. ಮಳೆಗಾಲ ಬಂತೆಂದರೆ ಕಡಲೂ ಮುಚ್ಚಿತು, ದಾರಿಯೂ ಮುಚ್ಚಿತು.

1887 ಮತ್ತು 1888ರಲ್ಲಿ ಈ ಚಿತ್ರ ಬದಲಾಯಿತು. ಸದರ್ನ್ ಮರಾಠಾ ರೈಲ್ವೆಯ ಹಳಿ ಬೆಳಗಾವಿಗೆ ಬಂತು. ಲೋಂಡಾದಲ್ಲಿ ಒಂದು ಕವಲು ಪಡುವಣಕ್ಕೆ ತಿರುಗಿ ಕ್ಯಾಸಲ್‌ರಾಕಿಗೆ ಹೋಗಿ, ಅಲ್ಲಿ ಪೋರ್ತುಗೀಜರ ಹಳಿಯನ್ನು ಕೂಡಿ, ದೂಧಸಾಗರದ ಜಲಪಾತದ ಎದುರಿನಲ್ಲೇ ಘಟ್ಟವಿಳಿದು ಮಾರ್ಮಗೋವೆಯ ಬಂದರನ್ನು ಮುಟ್ಟಿತು. 37 ಅಡಿ ಸಾಗಿದರೆ ಒಂದು ಅಡಿ ಇಳಿಯುವಂಥ ಕಡಿದಾದ ಘಟ್ಟ ಅದು. ವೆಂಗುರ್ಲೆಯ ವ್ಯಾಪಾರ ಬಾಡಿತು. ಖಾನಾಪುರ ತಾಲೂಕಿನ ಕಾಡಿನ ನಡುವಿನ ಲೋಂಡಾ ಕಡಲಿನ ಹೆಬ್ಬಾಗಿಲಾಯಿತು. ಬೆಳಗಾವಿಯಿಂದ ಬಂದವರು ಖಾನಾಪುರ ದಾಟಿ ಲೋಂಡಾದಲ್ಲಿ ಗಾಡಿ ತಿರುಗಿತೆಂದರೆ, ಆ ಹಳಿಯ ಕೊನೆಗೆ ಕಡಲೇ.

1892ರ ಅಕ್ಟೋಬರಿನಲ್ಲಿ ಬೆಳಗಾವಿಗೆ ಒಬ್ಬ ಪರಿವ್ರಾಜಕ ಸಂನ್ಯಾಸಿ ಬಂದರು, ಸ್ವಾಮಿ ವಿವೇಕಾನಂದರು. ವಕೀಲರಾದ ಭಾಟೆಯವರ ಮನೆಯಲ್ಲಿಯೂ, ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿಯೂ ಕೆಲವು ದಿನ ಇದ್ದರು. ಅಮೆರಿಕೆಗೆ ಹೋಗುವ ಮಾತು ಅಲ್ಲಿ ಬಂತು. ಮಿತ್ರರು ಚಂದಾ ಎತ್ತಿ ಹಣ ಕೂಡಿಸುತ್ತೇನೆಂದಾಗ ಸ್ವಾಮಿಗಳು ಬೇಡವೆಂದರು. ಮುಂದೆ ಅವರು ಗೋವೆಯ ಕಡೆಗೆ ಹೊರಟುಹೋದರು. ಏಳು ತಿಂಗಳು ಕಳೆದು, 1893ರ ಮೇ 31ರಂದು, ಮುಂಬಯಿಯಲ್ಲಿ ಪೆನಿನ್ಸುಲರ್ ಎಂಬ ಹಡಗನ್ನು ಹತ್ತಿದಾಗ ಅವರ ಕೈಯಲ್ಲಿದ್ದದ್ದು ಖೇತ್ರಿಯ ಮಹಾರಾಜರ ಕಡೆಯಿಂದ ಬಂದ ಮೊದಲ ದರ್ಜೆಯ ಟಿಕೇಟು. ನಿನ್ನೆಯವರೆಗೆ ಕೈಯಲ್ಲಿ ದಂಡ ಕಮಂಡಲು ಹಿಡಿದು ಊರೂರು ಸುತ್ತಿದವರಿಗೆ ಈಗ ಒಂದು ಕೋಣೆ, ಪೆಟ್ಟಿಗೆಗಳು, ಗಂಟೆ ಹೊಡೆದಾಗ ಊಟ.

ಆ ಕೋಣೆ ಹೇಗಿದ್ದಿತು? ಅಂದಿನ ದೊಡ್ಡ ಹಡಗುಗಳ ಕ್ಯಾಬಿನ್ ಎಂದರೆ ಇಂದಿನವರು ಊಹಿಸುವ ಅರಮನೆಯಲ್ಲ. ಒಂದರ ಮೇಲೊಂದು ಹಲಗೆಯ ಮಂಚ, ಕೈತೊಳೆಯುವ ಬೋಗುಣಿ, ಬಟ್ಟೆ ತೂಗುಹಾಕಲು ಗೂಟ, ದುಂಡನೆಯ ಒಂದು ಕಿಟಕಿ. ಸ್ನಾನಕ್ಕೆ ಕಡಲಿನ ನೀರು. ಮೈಮೇಲಿನ ಉಪ್ಪು ತೊಳೆಯಲು ಸಿಹಿನೀರು ಅಳೆದು ಕೊಡುವರು. ಕೆಂಗಡಲು ಬಂದಿತೆಂದರೆ ಕೋಣೆ ಒಲೆಯಾಗುವುದು. ದೊರೆಸಾನಿಯರೂ ಹಾಸಿಗೆ ಹೊತ್ತುಕೊಂಡು ಡೆಕ್ಕಿಗೆ ಬರುವರು. ಸಿರಿವಂತಿಕೆಯನ್ನು ಸೂಚಿಸುವ ‘ಪಾಷ್’ ಎಂಬ ಇಂಗ್ಲಿಷ್ ಮಾತು ಈ ಸೆಖೆಯಿಂದಲೇ ಹುಟ್ಟಿತೆಂದು ಒಂದು ಕಥೆಯಿದೆ. ಹಿಂದೂಸ್ಥಾನಕ್ಕೆ ಬರುವಾಗ ಎಡಬದಿಯ ಕೋಣೆ, ಹಿಂದಿರುಗುವಾಗ ಬಲಬದಿಯ ಕೋಣೆ ತಂಪೆಂದು ಸಾಹೇಬರು ಅವನ್ನೇ ಕಾದಿರಿಸುತ್ತಿದ್ದರಂತೆ. ಆ ಇಂಗ್ಲಿಷ್ ಮಾತುಗಳ ಮೊದಲ ಅಕ್ಷರಗಳು ಕೂಡಿ ಈ ಪದವಾಯಿತಂತೆ. ಕಥೆ ಚೆನ್ನಾಗಿದೆ. ಆದರೆ ಹಾಗೆ ಮುದ್ರೆ ಬಿದ್ದ ಒಂದು ಟಿಕೇಟೂ ಇಂದಿನವರೆಗೆ ಯಾರಿಗೂ ದೊರೆತಿಲ್ಲ.

ಊಟದ ವಿಷಯ ಇನ್ನೂ ಸ್ವಾರಸ್ಯದ್ದು. ಶೀತಲಯಂತ್ರಗಳು ಬರುವ ಮುನ್ನ ಹಡಗು ತನ್ನ ಅಡುಗೆಮನೆಯನ್ನು ಜೀವಂತವಾಗಿ ಹೊತ್ತೊಯ್ಯುತ್ತಿತ್ತು. ಕುರಿ, ಕೋಳಿ, ಹಂದಿ, ಹಾಲಿಗೊಂದು ಹಸು. ಕಡಲಿನ ನಡುವೆ ಕೋಳಿ ಕೂಗಿ ಬೆಳಗಾಗುತ್ತಿತ್ತು. ಊಟದ ಹಜಾರದಲ್ಲಿ ಉದ್ದನೆಯ ಮೇಜು. ಅಲೆಗೆ ತಟ್ಟೆ ಜಾರದಂತೆ ಮೇಜಿಗೆ ಕಟ್ಟು. ಆ ಮೇಜಿನ ಮುಂದೆ ಕೂರುವುದು ನಮ್ಮವರಿಗೆ ಎಷ್ಟು ದೊಡ್ಡ ಪರೀಕ್ಷೆಯಾಗಿತ್ತೆಂಬುದಕ್ಕೆ ಗಾಂಧೀಜಿಯ ಅನುಭವವೊಂದೇ ಸಾಕು. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಕ್ಲೈಡ್ ಎಂಬ ಹಡಗಿನಲ್ಲಿ ಹೊರಟ ಆ ಹದಿನೆಂಟರ ಹುಡುಗನಿಗೆ ಚಮಚ ಮುಳ್ಳುಗಳ ಬಳಕೆ ತಿಳಿಯದು. ಯಾವ ಭಕ್ಷ್ಯದಲ್ಲಿ ಮಾಂಸವಿಲ್ಲವೆಂದು ಕೇಳಲು ಬಾಯಿ ಬಾರದು. ಮನೆಯಿಂದ ತಂದ ಸಿಹಿತಿಂಡಿಯನ್ನೂ ಹಣ್ಣನ್ನೂ ಕೋಣೆಯಲ್ಲಿಯೇ ಕುಳಿತು ತಿಂದ. ಕಡಲು ದಾಟಿದ್ದಕ್ಕೆ ಜಾತಿಯವರಿಂದ ಬಹಿಷ್ಕಾರ ಬೇರೆ. ಅದೇ ಹುಡುಗ ಮುಂದೆ 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿ ಬಂದರು. ಅವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ರಜಪುತಾನಾ ಹಡಗಿನಲ್ಲಿ ಹೋಗುವಾಗ ಅವರ ಟಿಕೇಟು ಎರಡನೆಯ ದರ್ಜೆಯದು. ಅವರು ಹೆಚ್ಚು ಕಾಲ ಕಳೆದದ್ದು ತೆರೆದ ಡೆಕ್ಕಿನ ಮೇಲೆ. ಮೊದಲ ಪ್ರಯಾಣದಲ್ಲಿ ನಾಚಿಕೆಯಿಂದ ಕೋಣೆಯೊಳಗೆ ಅಡಗಿದವರು ಈ ಪ್ರಯಾಣದಲ್ಲಿ ಕೋಣೆಯನ್ನು ಬೇಕೆಂದೇ ಬಿಟ್ಟರು. ಒಂದು ಬಾಳಿನ ಬೆಳವಣಿಗೆಯನ್ನು ಈ ಎರಡು ಹಡಗುಗಳ ನಡುವೆ ಅಳೆಯಬಹುದು.

ವಿನೋದವನ್ನು ಆಗ ಪ್ರಯಾಣಿಕರೇ ಹುಟ್ಟಿಸಿಕೊಳ್ಳುತ್ತಿದ್ದರು. ಹಡಗು ಹತ್ತಿದ ಎರಡು ದಿನಕ್ಕೆ ಒಂದು ಸಮಿತಿ. ಡೆಕ್ಕಿನ ಮೇಲೆ ಬಲೆ ಕಟ್ಟಿ ಕ್ರಿಕೆಟ್ಟು, ಹಗ್ಗದ ಬಳೆ ಎಸೆಯುವ ಆಟ, ವೇಷದ ಕುಣಿತ, ಹವ್ಯಾಸಿ ನಾಟಕ. ಹಡಗಿನ ಕಂಪನಿ ಪಿಯಾನೋ ಒದಗಿಸಿದರೆ ಬಾರಿಸುವವರು ಪ್ರಯಾಣಿಕರಲ್ಲೇ ಒಬ್ಬರು. ವಾರಗಟ್ಟಲೆ ನೀರನ್ನೇ ನೋಡಬೇಕಾದವರು ಬೇಸರಕ್ಕೆ ಕಂಡುಕೊಂಡ ಮದ್ದು ಅದು.

ಇಷ್ಟು ಹೊತ್ತು ಮೇಜಿನ ಮುಂದೆ ಕುಳಿತವರ ಮಾತಾಯಿತು. ಮೇಜಿನ ಹಿಂದೆ ನಿಂತವರು ಯಾರು? ಇಲ್ಲಿಂದ ಕಥೆ ಮತ್ತೆ ನಮ್ಮ ಲೋಂಡಾ, ಖಾನಾಪುರಗಳ ಹಳಿಗೆ ಬರುತ್ತದೆ.

ಬ್ರಿಟಿಷ್ ಹಡಗು ಕಂಪನಿಗಳು ಕೆಲಸಗಾರರನ್ನು ಸೀಮೆ ನೋಡಿ ಆರಿಸುತ್ತಿದ್ದವು. ಡೆಕ್ಕಿನ ಮೇಲೆ ಹಗ್ಗ ಎಳೆಯಲು ಗುಜರಾತ, ಕೊಂಕಣಗಳ ಖಲಾಸಿಗಳು. ಇಂಜಿನಿನ ಬೆಂಕಿಯ ಮುಂದೆ ಪಂಜಾಬ, ಸರಹದ್ದುಗಳ ಜನ. ಊಟದ ಹಜಾರಕ್ಕೆ, ಅಡುಗೆಮನೆಗೆ, ಕೋಣೆಗಳ ಸೇವೆಗೆ ಗೋವೆಯವರು. ಗೋವೆಯ ಕ್ರೈಸ್ತರಿಗೆ ದನದ ಮಾಂಸವೆಂದಾಗಲಿ, ಹಂದಿಯದೆಂದಾಗಲಿ, ಮದ್ಯವೆಂದಾಗಲಿ ಮುಟ್ಟಲು ಅಡ್ಡಿಯಿರಲಿಲ್ಲ. ಪಾಶ್ಚಾತ್ಯ ಸಂಗೀತ ಇಗರ್ಜಿಯ ಶಾಲೆಗಳಲ್ಲೇ ಕಲಿತದ್ದಾಗಿತ್ತು. ಹೀಗಾಗಿ ಬಡಿಸುವವರೂ ಅವರೇ, ಮುಂದೆ ವಾದ್ಯಮೇಳ ಬಂದಾಗ ಪಿಟೀಲು ಹಿಡಿದವರಲ್ಲಿಯೂ ಅವರು ಅನೇಕರು. ಮುಂಬಯಿಯ ಧೋಬಿ ತಲಾವಿನ ಸುತ್ತ ತಮ್ಮ ತಮ್ಮ ಹಳ್ಳಿಯ ಹೆಸರಿನಲ್ಲಿ ‘ಕುಡ್’ ಎಂಬ ವಸತಿಮನೆಗಳನ್ನು ಕಟ್ಟಿಕೊಂಡು, ಅಲ್ಲಿ ಟ್ರಂಕುಗಳನ್ನು ಇರಿಸಿ, ಮುಂದಿನ ಹಡಗಿನ ಕರೆಗಾಗಿ ಕಾಯುತ್ತಿದ್ದರು.

ಗೋವೆಯಿಂದ ಮುಂಬಯಿಗೆ ಅವರಿಗಿದ್ದ ದಾರಿಗಳು ಎರಡು. ಒಂದು ಕರಾವಳಿಯ ಆಗಬೋಟು. ಇನ್ನೊಂದು ರೈಲು: ಮಾರ್ಮಗೋವೆ, ಕ್ಯಾಸಲ್‌ರಾಕ್, ಲೋಂಡಾ, ಖಾನಾಪುರ, ಬೆಳಗಾವಿ, ಮಿರಜ, ಪುಣೆ. ಜೂನ್ ಬಂದು ಆಗಬೋಟು ನಿಂತರೆ ಈ ರೈಲೊಂದೇ ಗತಿ. ಲಂಡನ್ನಿನ ಪ್ರಭುಗಳಿಗೆ ಸೂಪು ಬಡಿಸುವ ಕೈಗಳು ನಮ್ಮ ಖಾನಾಪುರದ ನಿಲ್ದಾಣದಲ್ಲಿ ಮಳೆಯ ರಾತ್ರಿ ಗಾಡಿಯ ಕಿಟಕಿಯಿಂದ ಚಹದ ಲೋಟಕ್ಕೆ ಚಾಚಿರಬೇಕು. 1955ರಲ್ಲಿ ಗೋವೆಯ ವಿಮೋಚನೆಯ ಹೋರಾಟದ ಬಿಸಿಯಲ್ಲಿ ಕ್ಯಾಸಲ್‌ರಾಕಿನ ಆಚೆಗಿನ ರೈಲು ಸಂಚಾರ ನಿಂತಿತು; 1961ರ ಡಿಸೆಂಬರಿನಲ್ಲಿ ಗೋವೆ ಸ್ವತಂತ್ರವಾದ ಮೇಲೆ ಹಳಿ ಮತ್ತೆ ತೆರೆಯಿತು.

ಈ ಜನರಿಗೆ ಹಡಗಿನಲ್ಲಿ ಸಿಕ್ಕ ಕೋಣೆ ಎಷ್ಟು ದೊಡ್ಡದು? ಇದಕ್ಕೆ ಕಾನೂನೇ ಉತ್ತರ ಕೊಡುತ್ತದೆ. 1894ರ ಬ್ರಿಟಿಷ್ ಹಡಗು ಕಾಯಿದೆಯ ಕಾಲದಲ್ಲಿ ಬಿಳಿಯ ನಾವಿಕನೊಬ್ಬನಿಗೆ 72 ಘನ ಅಡಿ ಜಾಗ. 1906ರಲ್ಲಿ ಅದು 120 ಆಯಿತು. ಹಿಂದೂಸ್ಥಾನದ ಲಸ್ಕರನಿಗೆ 36. ಆರು ಅಡಿ ಉದ್ದ, ಮೂರು ಅಡಿ ಅಗಲ, ಎರಡು ಅಡಿ ಎತ್ತರವೆಂದು ಲೆಕ್ಕ ಹಾಕಿ ನೋಡಿರಿ. ಮಲಗಿದವನು ಎದ್ದು ಕೂರಲಾರದ ಒಂದು ಪೆಟ್ಟಿಗೆಯಷ್ಟು. ಸಂಬಳದಲ್ಲಿಯೂ ಅಂತರ ಇದೇ ಬಗೆಯದು. ಮೇಲಿನ ಹಜಾರದಲ್ಲಿ ಬೆಳ್ಳಿಯ ಪಾತ್ರೆ ಒರೆಸಿಟ್ಟು ಮೆಟ್ಟಿಲಿಳಿದವನಿಗೆ ಕೆಳಗೆ ಕಾದಿದ್ದದ್ದು ಈ 36 ಅಡಿ.

ಇನ್ನು ನಮ್ಮ ಕರಾವಳಿಯ ಆಗಬೋಟಿನ ಮಾತು. ಶೆಫರ್ಡ್ ಕಂಪನಿಯೆಂದು ಜನ ಕರೆದ ಬಾಂಬೆ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಕಾಲದಿಂದ ಮೊದಲ್ಗೊಂಡು ಮೊಗಲ್ ಲೈನಿನ ಕೊಂಕಣ ಶಕ್ತಿ, ಕೊಂಕಣ ಸೇವಕಗಳವರೆಗೆ ಅದರ ಆಯುಸ್ಸು ದೊಡ್ಡದು. ನಡುವೆ ಸ್ವದೇಶಿ ಹುಮ್ಮಸ್ಸಿನ ಕಾಲದಲ್ಲಿ ‘ನನ್ನ ಆಗಬೋಟು ಕಂಪನಿ’ ಎಂಬರ್ಥದ ಮರಾಠಿ ಹೆಸರಿನಿಂದ ಜನರೇ ಪಾಲು ಹಾಕಿ ಹಡಗು ನಡೆಸಿದ್ದೂ ಉಂಟು. ರಾಮದಾಸ, ತುಕಾರಾಮ ಎಂಬ ಸಂತರ ಹೆಸರುಗಳು ಈ ಕರಾವಳಿಯ ಹಡಗುಗಳಿಗೆ. ಈ ದಾರಿ ಸುಖದ್ದಷ್ಟೇ ಆಗಿರಲಿಲ್ಲ. 1947ರ ಜುಲೈ 17ರಂದು ಮುಂಬಯಿಯಿಂದ ರೇವಸಕ್ಕೆ ಹೊರಟ ರಾಮದಾಸ ಮುಳುಗಿ 600ಕ್ಕೂ ಹೆಚ್ಚು ಜನ ನೀರುಪಾಲಾದರು.

1970ರ ದಶಕದ ಕೊನೆಯಲ್ಲಿ ನಾನೂ ಒಮ್ಮೆ ಪಣಜಿಯಿಂದ ಮುಂಬಯಿಗೆ ಈ ಆಗಬೋಟಿನಲ್ಲಿ ಹೋದವನು. ಬೆಳಗಾವಿಯಿಂದ ಬಸ್ಸಿನಲ್ಲಿ ಪಣಜಿ, ಅಲ್ಲಿಂದ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ನೀರಿನ ಮೇಲೆ. ಮೇಲೆ ಕೆಲವೇ ಕ್ಯಾಬಿನ್ನುಗಳು. ಅದರ ಕೆಳಗೆ ಮೇಲ್ಡೆಕ್ಕು. ಎಲ್ಲಕ್ಕೂ ಕೆಳಗೆ ಕೆಳಡೆಕ್ಕು. ನಮ್ಮದು ಕೆಳಡೆಕ್ಕು. ಹತ್ತಿದೊಡನೆ ಮೊದಲು ಮಾಡಬೇಕಾದದ್ದು ಚಾಪೆ ಬಿಡಿಸಿ ಜಾಗ ಹಿಡಿಯುವುದು. ಚಾಪೆಯ ಅಂಚೇ ನಮ್ಮ ಕೋಣೆಯ ಗೋಡೆ. ಒಂದು ಪಕ್ಕದಲ್ಲಿ ಮಾಲವಣದ ಕುಟುಂಬ, ಇನ್ನೊಂದು ಪಕ್ಕದಲ್ಲಿ ಗಿಟಾರು ಹಿಡಿದ ಇಬ್ಬರು ಪರದೇಶಿ ಹಿಪ್ಪಿಗಳು. ಒಣಮೀನು, ಇಂಜಿನಿನ ಎಣ್ಣೆ, ಹಲಸಿನ ಹಣ್ಣು ಇವೆಲ್ಲ ಕೂಡಿದ ವಾಸನೆ. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಬೆಳಗಾವಿಯ ಕುಂದಾ ನಮ್ಮ ಬುತ್ತಿ. ಮಾಲವಣದ ತಾಯಿ ಕುಂದಾಕ್ಕೆ ಬದಲಾಗಿ ನಮ್ಮ ಚಾಪೆಗೆ ಮೀನಿನ ಸಾರನ್ನು ದಾಟಿಸಿದಳು. ನಾವು ತಿನ್ನುವವರಲ್ಲವೆಂದು ತಿಳಿದಾಗ ನಕ್ಕು ಸೋಲಕಡಿ ಕೊಟ್ಟಳು. ಸಂಜೆ ತಂಬೋಲ ಆಟದ ಅಂಕಿಗಳನ್ನು ಯಾರೋ ಕೂಗಿದರು. ಭಜನೆ ಒಂದು ಮೂಲೆಯಲ್ಲಿ, ಇಸ್ಪೀಟು ಇನ್ನೊಂದು ಮೂಲೆಯಲ್ಲಿ. ರಾತ್ರಿ ವಿಜಯದುರ್ಗವೋ ಜೈತಾಪುರವೋ ಬಂದಾಗ ಕತ್ತಲಲ್ಲಿ ಪಡಾವುಗಳು ದೀಪ ಹಿಡಿದು ಬಂದು ಹಡಗಿಗೆ ತಾಗಿ ನಿಂತವು. ಮುದುಕಿಯರನ್ನು ಮಕ್ಕಳಂತೆ ಎತ್ತಿ ಇಳಿಸಿದರು.

ಆ ಆಗಬೋಟು 1980ರ ದಶಕ ಮುಗಿಯುವಷ್ಟರಲ್ಲಿ ನಿಂತುಹೋಯಿತು. ರಸ್ತೆಗಳು ಸುಧಾರಿಸಿದ್ದವು; ಬಸ್ಸು ಬೇಗ ಮುಟ್ಟಿಸುತ್ತಿತ್ತು; 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ಸಾಗರ ದಾಟುವ ದೊಡ್ಡ ಹಡಗುಗಳಿಗೆ ಇದೇ ಗತಿ ಅದಕ್ಕೂ ಮೊದಲೇ ಬಂದಿತ್ತು. 1958ರಲ್ಲಿ ಅಟ್ಲಾಂಟಿಕಿನ ಮೇಲೆ ಜೆಟ್ ವಿಮಾನಗಳು ಹಾರತೊಡಗಿದ ಮೇಲೆ ಆರು ಗಂಟೆಯ ದಾರಿಗೆ ಆರು ದಿನ ಕಳೆಯುವವರು ಯಾರು?

ಹಡಗು ಆಗ ಒಂದು ಹಳೆಯ ಉಪಾಯವನ್ನು ಹೊಸದಾಗಿ ಹಿಡಿಯಿತು. 1891ರ ಚಳಿಗಾಲದಲ್ಲಿ ಜರ್ಮನಿಯ ಆಲ್ಬರ್ಟ್ ಬಾಲ್ಲಿನ್ ಎಂಬ ಹಡಗು ವ್ಯವಹಾರಿ, ಚಳಿಗೆ ಪ್ರಯಾಣಿಕರಿಲ್ಲದೆ ನಿಂತಿದ್ದ ಅಗುಸ್ತಾ ವಿಕ್ಟೋರಿಯಾ ಎಂಬ ಹಡಗನ್ನು ಮೆಡಿಟರೇನಿಯನ್ನಿನಲ್ಲಿ ವಿಹಾರಕ್ಕೆಂದೇ ಸುತ್ತಾಡಿಸಿದ. 1900ರಲ್ಲಿ ಅದಕ್ಕಾಗಿಯೇ ಕಟ್ಟಿಸಿದ ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸೆ ಬಂತು. ಅದರಲ್ಲಿದ್ದ 120 ಕ್ಯಾಬಿನ್ನುಗಳೂ ಮೊದಲ ದರ್ಜೆಯವು. ವಿಹಾರದ ಹಡಗು ಹುಟ್ಟುವಾಗಲೇ ಡೆಕ್ಕಿನ ಬಡವನನ್ನು ದಂಡೆಯ ಮೇಲೆ ಬಿಟ್ಟು ಹುಟ್ಟಿತು. ವಿಮಾನಗಳು ಬಂದ ಮೇಲೆ ಮಿಕ್ಕ ಹಡಗುಗಳೂ ಇದೇ ದಾರಿ ಹಿಡಿದವು. ಊರು ಮುಟ್ಟಿಸುವುದನ್ನು ಬಿಟ್ಟು ತಾವೇ ಊರುಗಳಾದವು. ಹತ್ತು ಹದಿನೈದು ಅಂತಸ್ತು, ಬಾಲ್ಕನಿಯುಳ್ಳ ಕೋಣೆ, ಹಲವು ಊಟದ ಮನೆಗಳು, ರಂಗಮಂದಿರ, ಈಜುಕೊಳ, ಜೂಜಿನ ಮೇಜು. ಬೇಸರವೇ ಬಾರದಂತೆ ಸಂಬಳದ ಕಲಾವಿದರು.

ನಮ್ಮ ಕರಾವಳಿಗೂ ಇದು ಮರಳಿ ಬಂದಿದೆ. 2018ರ ಅಕ್ಟೋಬರಿನಲ್ಲಿ ಮುಂಬಯಿ ಮತ್ತು ಗೋವೆಗಳ ನಡುವೆ, ಹಳೆಯ ಆಗಬೋಟಿನ ದಾರಿಯಲ್ಲಿಯೇ, ಆಂಗ್ರಿಯಾ ಎಂಬ ವಿಹಾರದ ಹಡಗು 104 ಕೋಣೆಗಳೊಡನೆ ಹೊರಟಿತು. ಕೆಲಕಾಲ ನಡೆದು ನಿಂತಿತು. 2021ರಲ್ಲಿ ಕಾರ್ಡೇಲಿಯಾ ಕಂಪನಿ 1990ರಲ್ಲಿ ಕಟ್ಟಿದ ಎಂಪ್ರೆಸ್ ಎಂಬ ಹಡಗನ್ನು ತಂದು ಮುಂಬಯಿ, ಗೋವೆ, ಲಕ್ಷದ್ವೀಪಗಳ ವಿಹಾರವನ್ನು ಆರಂಭಿಸಿತು. ಬೆಳಗಾವಿಯ ಅನುಕೂಲಸ್ಥರು ಚೋರ್ಲಾ ಘಟ್ಟವಿಳಿದು ಇಂಥ ಹಡಗು ಹತ್ತಿ ಬಂದು ಊಟದ ಬಗೆಗಳನ್ನು ಬಣ್ಣಿಸುವುದನ್ನು ಕೇಳಿದ್ದೇನೆ. ಅವರ ಸಂತೋಷಕ್ಕೆ ನನ್ನ ಅಸೂಯೆಯೇನೂ ಇಲ್ಲ. ಘಟ್ಟದ ಮೇಲಿನವನಿಗೆ ಕಡಲೆಂಬುದು ಎಂದಿಗೂ ಹಬ್ಬವೇ.

ಆದರೂ ಚರಿತ್ರೆಯ ವಿದ್ಯಾರ್ಥಿಗೆ ಒಂದು ಲೆಕ್ಕ ಉಳಿಯುತ್ತದೆ. ಹಳೆಯ ಹಡಗಿನಿಂದ ಹೊಸ ಹಡಗಿಗೆ ಕೋಣೆ ಬಂತು, ಊಟದ ಹಜಾರ ಬಂತು, ವಿನೋದ ನೂರ್ಮಡಿಯಾಗಿ ಬಂತು. ಬಾರದೆ ಉಳಿದದ್ದು ಕೆಳಡೆಕ್ಕು: ಕಡಿಮೆ ದುಡ್ಡಿಗೆ ಊರು ಮುಟ್ಟುವವನ ಜಾಗ, ಪರಿಚಯವಿಲ್ಲದ ಚಾಪೆಗಳು ಬುತ್ತಿ ಬದಲಿಸಿಕೊಂಡ ಜಾಗ. ಅದರೊಡನೆ ಬದಲಾಗದೆ ಉಳಿದದ್ದೂ ಒಂದಿದೆ. ಇಂದಿನ ವಿಹಾರದ ಹಡಗುಗಳಲ್ಲಿಯೂ ಬಡಿಸುವ, ಹಾಸಿಗೆ ಹಾಸುವ, ವಾದ್ಯ ನುಡಿಸುವ ಕೈಗಳಲ್ಲಿ ಗೋವೆಯವರವೂ ಅನೇಕ. ಅವರ ಮಲಗುವ ಕೋಣೆಗಳು ಅನೇಕ ಹಡಗುಗಳಲ್ಲಿ ನೀರಿನ ಮಟ್ಟದ ಕೆಳಗೇ. 2020ರ ವಸಂತದಲ್ಲಿ ಸೋಂಕಿನ ಭಯದಿಂದ ಬಂದರುಗಳು ಮುಚ್ಚಿದಾಗ, ಪ್ರಯಾಣಿಕರು ಇಳಿದು ಮನೆ ಸೇರಿದ ಮೇಲೂ, ಸಾವಿರಾರು ಜನ ಹಡಗಿನ ನೌಕರರು ವಾರಗಟ್ಟಲೆ ನೀರಿನ ಮೇಲೆಯೇ ಉಳಿದರು. ದಂಡೆ ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಸಿಗುತ್ತಿರಲಿಲ್ಲ. ಅವರನ್ನು ಕರೆತರುವಂತೆ ಗೋವೆಯ ಮನೆಮನೆಗಳಿಂದ ಮೊರೆ ಎದ್ದಿತು.

ಹಡಗಿನ ಕಥೆಯನ್ನು ಬರೆಯುವವರು ಸಾಮಾನ್ಯವಾಗಿ ನಾಯಕನ ಮೇಜಿನಿಂದ ತೊಡಗುತ್ತಾರೆ. ಮೆಟ್ಟಿಲುಗಳನ್ನು ಇಳಿಯುವಷ್ಟರಲ್ಲಿ ಅವರ ಕಾಗದ ಮುಗಿದಿರುತ್ತದೆ. ಕಡಲಿಲ್ಲದ ನಮ್ಮ ಊರಿಗೆ ಆ ತೊಂದರೆಯಿಲ್ಲ. ನಾವು ಹಡಗನ್ನು ಕಂಡದ್ದು ಬುಡದ ಕಡೆಯಿಂದ: ಹತ್ತಿಯ ಗಾಡಿಗಳಿಂದ, ಘಟ್ಟದ ರೈಲಿನಿಂದ, ಟ್ರಂಕು ಹಿಡಿದು ಲೋಂಡಾದಲ್ಲಿ ಗಾಡಿ ಕಾದ ಬಟ್ಲರುಗಳಿಂದ. ಕೂವೆ ಮುರಿದ ದಿನ ಕೈಹಿಡಿದವನನ್ನು ಹಲಸಿಯ ಅರಸುಮನೆತನ ತಾಮ್ರದ ಮೇಲೆ ಕೆತ್ತಿಸಿ ನೆನೆಯಿತು. ಪ್ರತಿದಿನ ಮೂರು ಹೊತ್ತು ತಟ್ಟೆ ತಂದಿಟ್ಟವರ ಹೆಸರುಗಳು ಯಾವ ಪಟದಲ್ಲಿಯೂ ಇಲ್ಲ. ಕಡಲಿನ ಮೇಲಿನ ಸುಖವನ್ನು ನೆನೆಯುವಾಗ ಆ ಹೆಸರಿಲ್ಲದವರಿಗೂ ನಮ್ಮ ನೆನಪಿನಲ್ಲಿ 36 ಅಡಿಗಿಂತ ಸ್ವಲ್ಪ ಹೆಚ್ಚಿನ ಜಾಗವಿರಲಿ.